ಹಸುವಿನ ಹುಣ್ಣು, ಆಡಿನ ಹುಣ್ಣು

ಅಪ್ಪಾ,

ಈ ಲ್ಯಾಬಿನಲ್ಲಿ ಯಾವ ಬಾಗಿಲು ದಾಟಿದರೂ ಕೈ ತೊಳೆದು ಕೋಟು ಬದಲಿಸಬೇಕು. ದನದ ಡಾಕ್ಟರು ನಮ್ಮ ಹಸುವಿನ ಮತ್ತು ಅತ್ತೆಯ ಆಡಿನ ಬಾಯಿಹುಣ್ಣಿನಿಂದ ತೆಗೆದು ಕಳಿಸಿದ್ದನ್ನು ನಾನೇ ಪರೀಕ್ಷೆ ಮಾಡಿದೆ. ಒಂದೊಂದು ವೈರಸ್ಸಿಗೂ ಅದಕ್ಕೆ ಹೊಂದುವ ಜೀನಿನ ತುಣುಕನ್ನು ಇಲ್ಲಿ ಮಾಡಿಟ್ಟಿದ್ದಾರೆ. ಹಿಂಡಿನಲ್ಲಿ ಮರಿ ತನ್ನ ತಾಯಿಯನ್ನೇ ಹುಡುಕಿಕೊಂಡು ಹೋಗುವ ಹಾಗೆ ಅದು ತನ್ನ ವೈರಸ್ಸಿಗೆ ಮಾತ್ರ ಅಂಟುತ್ತದೆ. ಅಂಟಿದಲ್ಲಿ, ಎಕ್ಸ್‌ರೇಗೆ ಬಳಸುವಂಥ ಫಿಲ್ಮಿನ ಮೇಲೆ ಕಪ್ಪು ಚುಕ್ಕೆ. ಕಾಲುಬಾಯಿ ಜ್ವರದ ಫಿಲ್ಮಿನಲ್ಲಿ ನಮ್ಮ ಹಸುವಿಗಷ್ಟೇ ಚುಕ್ಕೆ ಬಂತು. ಆಡಿನದು ಆಡು-ಕುರಿಗಳ ಬಾಯಿಹುಣ್ಣಿನ ಇನ್ನೊಂದು ಫಿಲ್ಮಿನಲ್ಲಿ ಮೂಡಿತು. "ಎರಡೂ ಬೇರೆ ಬೇರೆ ರೋಗ ಕಣಮ್ಮ," ಅಂದರು ನಮ್ಮ ಮೇಡಂ.

"ನನ್ನ ಆಡು ನಿನ್ನ ಹಸೂಗೆ ಏನೂ ಮಾಡಿಲ್ಲ ಕಣೋ" ಅಂತ, ರೋಗ ಆಡಿನಿಂದಲೇ ಬಂತೆಂದು ನೀವು ಬೈದಾಗ ಅತ್ತೆ ಕೂಗಿದ್ದು ನೆನಪಾಯಿತು. ನೀವಿಬ್ಬರೂ ಒಂದೇ ಕೊಟ್ಟಿಗೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು, ಹಾಲು ಕರೆಯುತ್ತ ಕಿತ್ತಾಡುತ್ತಿದ್ದ ಸದ್ದಿಲ್ಲದೆ ನನಗಿಲ್ಲಿ ಸಂಜೆಯೇ ಆಗುವುದಿಲ್ಲ.

ಆಡಿನ ಹುಣ್ಣು ಮನುಷ್ಯರ ಕೈಗೂ ಹತ್ತುತ್ತದೆ, ಅತ್ತೆ ಬರಿಗೈಯಲ್ಲಿ ಮುಟ್ಟದಿರಲಿ. ಹಸುವಿನ ರೋಗ ಆಡಿಗೆ ಹತ್ತೀತು, ಆ ಜಗಳದಲ್ಲಿ ನೀವು ಕೊಟ್ಟಿಗೆಯ ನಡುವೆ ಹಾಕಿದ ಬೇಲಿ ವಾಸಿಯಾಗುವವರೆಗೆ ಇರಲಿ. ಅತ್ತೆಗೆ ಬೇರೆ ಕಾರ್ಡು ಬರೆದಿಲ್ಲ. ಕೈಕಾಲು ತೊಳೆದು, ಬಟ್ಟೆ ಬದಲಿಸಿ, ನೀವೇ ಹೋಗಿ ಓದಿ ಹೇಳಿ.

ನಿಮ್ಮ ಮಗಳು