ಕಪಾಟಿನಲ್ಲಿ ಹೊಳೆದ ಅಣಬೆ

ಅಕ್ಕಾ,

ಬದುಕಿದ್ದೇನೆ, ಮೊದಲು ಅದನ್ನು ತಿಳಿದುಕೋ. ಈ ಮರ ಕೊಯ್ಯುವ ಕಾರ್ಖಾನೆಯಲ್ಲಿ ಜಗಳವಾಡಿ ಎಲ್ಲರಿಗೂ ಒಂದೇ ಅಡುಗೆಮನೆ ಮಾಡಿಸಿದೆನಲ್ಲ, ಮೊನ್ನೆ ಅಲ್ಲಿ ನನ್ನ ಸರದಿ. ಕಾಡಿನಲ್ಲಿ ಬೆಳೆದದ್ದು ಎಲ್ಲರದು ಎಂದು ಭಾಷಣ ಬಿಗಿದು, ಕೊಳೆತ ಮರದ ಬುಡದಿಂದ ಕಿತ್ತಳೆ ಬಣ್ಣದ ಅಣಬೆ ತಂದು ಹುರಿದು ಬಡಿಸಿದೆ. ಊಟವಾದ ಮೇಲೆ ಕಪಾಟು ತೆಗೆದರೆ, ಮಿಕ್ಕ ಹಸಿ ಅಣಬೆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಅದು ವಿಷದ ಅಣಬೆ. ಅಷ್ಟರಲ್ಲಿ ಎಲ್ಲರಿಗೂ ವಾಂತಿ ಶುರುವಾಗಿ, ಇರುವ ಒಂದೇ ಕಕ್ಕಸಿನ ಮುಂದೆ ಸಾಲು. ಕಸ ಗುಡಿಸುವಾಕೆಯ ಹಿಂದೆ ಮೇಸ್ತ್ರಿ ಹೊಟ್ಟೆ ಹಿಡಿದು ನಿಂತಿದ್ದರು. "ನಿನ್ನ ಸಮಾನತೆ ಬಂತಲ್ಲ ತಾಯಿ. ಒಳಗಿರೋರಿಗೆ ಸ್ವಲ್ಪ ಬೇಗ ಬರೋಕೆ ಹೇಳು," ಅಂದರು.

ಅಣಬೆಯದು ತಪ್ಪಿಲ್ಲ. ಸತ್ತ ಮರವನ್ನು ತಿಂದು ಮಣ್ಣು ಮಾಡುವುದು ಅದರ ಕೆಲಸ. ನಮ್ಮನ್ನೇನೂ ಅದು ಊಟಕ್ಕೆ ಕರೆದಿರಲಿಲ್ಲ.

ಈಗ ಎಲ್ಲರೂ ಚೇತರಿಸಿಕೊಂಡಿದ್ದಾರೆ. ಅಡುಗೆಮನೆ ಮುಚ್ಚಿಬಿಡುತ್ತಾರೆಂದು ಹೆದರಿದ್ದೆ. ಕೈ ಎತ್ತಿಸಿ ಕೇಳಿದಾಗ ಅದು ಉಳಿಯಿತು. ನಾನು ಮಾತ್ರ ಒಲೆಯ ಹತ್ತಿರ ಸುಳಿಯಬಾರದಂತೆ. ಒಲೆಯಿಂದ ಹೆಣ್ಣಿಗೆ ಬಿಡುಗಡೆ ಎಂದು ಕರಪತ್ರದಲ್ಲಿ ಓದಿದ್ದೆ, ಅದು ಹೀಗೆ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಮ್ಮನಿಗೆ ಇದನ್ನು ಓದಿ ಹೇಳಬೇಡ. ಪಾತ್ರೆ ತೊಳೆಯಲು ಹೊರಟೆ.

ನಿನ್ನ ತಂಗಿ