ನಾನು ಆರತಿ ಎತ್ತಿದ ಕಾರುಗಳು

ಹೊಳೆನರಸೀಪುರ
12 ನವೆಂಬರ್ 2024, ಮಂಗಳವಾರ

ನನ್ನ ಪ್ರೀತಿಯ ಶಶಿ,

ಹೇಗಿದ್ದೀಯಪ್ಪ? ದೆಹಲಿಯಲ್ಲಿ ಹೊಗೆ ಮುಸುಕಿ ಜನಕ್ಕೆ ಉಸಿರಾಡುವುದೇ ಕಷ್ಟವಾಗಿದೆ ಅಂತ ಟಿ.ವಿ.ಯಲ್ಲಿ ತೋರಿಸುತ್ತಿದ್ದಾರೆ. ಆಚೆ ಹೋಗುವಾಗ ಮಾಸ್ಕ್ ಹಾಕಿಕೋ. ಚಿಕ್ಕಂದಿನಿಂದಲೂ ನಿನಗೆ ಕಾರ್ತಿಕ ಬಂತೆಂದರೆ ಕೆಮ್ಮು, ಅದನ್ನು ಮರೆತು ಲಾಡ್ಜಿನಲ್ಲಿ ಎಣ್ಣೆ ಪರೋಟ ತಿನ್ನುತ್ತಾ ಕೂರಬೇಡ. ನಾನು ಕಟ್ಟಿಕೊಟ್ಟ ಮೆಣಸಿನ ಪುಡಿ ಡಬ್ಬಿಯನ್ನು ಮುಚ್ಚಳ ಕೂಡ ತೆಗೆಯದೆ ವಾಪಸ್ ತರುತ್ತೀಯ ಅಂತ ನನಗೆ ಗೊತ್ತಿದೆ. ಅಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ಬಟ್ಟೆ ಅಂಗಡಿಗೆ ಹೋದರೆ ಊಟದ ಹೊತ್ತಿಗೇ ಬರುವುದು. ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಅದನ್ನು ಕೇಳಿಯೇನು ಮಾಡುತ್ತೀಯ. ದಿನಕ್ಕೆರಡು ಸಲ ಫೋನ್ ಮಾಡುವ ಅಮ್ಮ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಕಳಿಸಿದ್ದಾಳಲ್ಲ ಅಂತ ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ತಕ್ಷಣ ನಾನು ಮೆತ್ತಗಾಗಿಬಿಡುತ್ತೇನೆ. ನೀನೂ ನಡುವೆ ಬಾಯಿ ಹಾಕಿ ಮಾತನ್ನು ಎಲ್ಲಿಗೋ ತೆಗೆದುಕೊಂಡು ಹೋಗುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಒಂದು ಕಡೆ ಕೂತು ಓದು.

ಹೋದ ಬುಧವಾರ ಹಳೇಕೋಟೆ ಪುಟ್ಟರಾಜುವಿನ ಮಗಳು ಮೇಘಶ್ರೀಗೆ ಆಕ್ಸಿಡೆಂಟ್ ಆಯಿತು ಅಂತ ಅವತ್ತೇ ನಿನಗೆ ಹೇಳಿದ್ದೆ. ಅರಕಲಗೂಡಿನ ಶಾಲೆಗೆ ಪಾಠ ಮಾಡಲು ಹೊರಟವಳು, ಅಡ್ಡ ಬಂದ ದನವನ್ನು ತಪ್ಪಿಸಲು ಹೋಗಿ ಹುಣಸೆಮರಕ್ಕೆ ನೇರವಾಗಿ ಗುದ್ದಿದಳು. ನೀನು ದೆಹಲಿಯಿಂದ ತಂದು ಮಾರುವ ಹಳೇ ಕಾರುಗಳಲ್ಲಿ ಶ್ರಾವಣದಲ್ಲಿ ಅವಳಪ್ಪ ತಗೊಂಡಿದ್ದ ಬಿಳಿ ಕಾರು. ಫೋನಿನಲ್ಲಿ ನೀನು ಕೇಳಿದ ಮೊದಲನೇ ಮಾತು, "ಬೆಲ್ಟ್ ಹಾಕಿದ್ಲಾ ಅಮ್ಮಾ?" ಅಂತ. ವ್ಯಾಪಾರ ಮುಗಿದ ಮೇಲೂ ಹುಡುಗನಿಗೆ ಎಷ್ಟು ಕಾಳಜಿ ಇದೆ ಅಂತ ನನಗೆ ಆ ಸಂಕಟದಲ್ಲೂ ಹೆಮ್ಮೆಯಾಯಿತು. ಹಾಕಿದ್ದಳು. ಹಾಕಿದ್ದರಿಂದಲೇ ಉಳಿದಳು. ಆದರೆ ನಾನು ನಿನಗೆ ಹೇಳಿದ್ದಕ್ಕಿಂತ ಪೆಟ್ಟು ಜಾಸ್ತಿ ಆಗಿದೆ. ಗುರುವಾರ ಎಳನೀರು ತೆಗೆದುಕೊಂಡು ಹಾಸನದ ಆಸ್ಪತ್ರೆಗೆ ಹೋಗಿ ನೋಡಿದೆ. ಮುಖ ಸ್ಟೇರಿಂಗಿಗೆ ಬಡಿದು ಕೆಳದವಡೆ ಎರಡು ಕಡೆ ಮುರಿದಿದೆ. ಮುಂದಿನ ಮೂರು ಹಲ್ಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದಾರೆ, ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ನನ್ನನ್ನು ಕಂಡು ನಗಲು ನೋಡಿದಳು, ಆಗಲಿಲ್ಲ. ದಿಂಬಿನ ಪಕ್ಕ ಇಟ್ಟಿದ್ದ ಪುಸ್ತಕ ತೆಗೆದುಕೊಂಡು ಬರೆದು ತೋರಿಸಿದಳು: "ಬೆಲ್ಟ್ ಹಾಕಿದ್ದೆ ಮಿಸ್." ಅವಳಿಗೆ ಇಪ್ಪತ್ತಾರು ವರ್ಷ ಶಶಿ. ಮೂರನೇ ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡಿದ್ದೇನೆ ಅಂತ ತೋರಿಸುತ್ತಿದ್ದಳಲ್ಲ, ಅದೇ ಮುಖ. ನಾನು ಬೈಯುತ್ತೇನೆ ಅಂದುಕೊಂಡಳೋ ಏನೋ. ನಾನು ಆಚೆ ಬಂದು ಅತ್ತೆ.

ಪುಟ್ಟರಾಜು ವರಾಂಡದಲ್ಲಿ ಕೂತಿದ್ದ. ಗುದ್ದಿದಾಗ ಮುಖಕ್ಕೆ ಅಡ್ಡ ಬರಬೇಕಾದ ಏರ್‌ಬ್ಯಾಗಿನ ಬಲೂನು ಯಾಕೆ ಬಿಚ್ಚಿಕೊಳ್ಳಲಿಲ್ಲ ಅಂತ ಡಾಕ್ಟರೇ ಕೇಳಿದರಂತೆ. ನಾನು ದೊಡ್ಡ ತಿಳಿದವಳ ಹಾಗೆ, ಕೆಲವು ಸಲ ಹಾಗಾಗುತ್ತದಪ್ಪ, ಮೆಷಿನ್ನು ತಾನೇ ಅಂದೆ. ಅವನು ತಲೆಯಾಡಿಸಿ, "ಓಗ್ಲಿ ಬುಡಿ ಮಿಸ್ಸು, ಜೀವ ಉಳೀತಲ್ಲ, ನಿಮ್ ಕೈಗುಣ" ಅಂದ. ಕೈಗುಣ! ನಿನ್ನ ಅಂಗಳದಿಂದ ಆಚೆ ಹೋಗುವ ಪ್ರತಿಯೊಂದು ಕಾರೂ ಮೊದಲು ನಮ್ಮ ಮನೆ ಬಾಗಿಲಿಗೆ ಬರುತ್ತದೆ. ನಾನು ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಆರತಿ ಎತ್ತುತ್ತೇನೆ. ಮಿಸ್ಸು ಆರತಿ ಎತ್ತಿದ ಗಾಡಿಗೆ ಏನೂ ಆಗುವುದಿಲ್ಲ ಅಂತ ಜನ ಹೇಳಿದರೆ, ಬಾಯಲ್ಲಿ ಛೆ ಛೆ ಅಂದರೂ ನಾನು ಒಳಗೊಳಗೇ ಉಬ್ಬಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಕಾರು ತಗೊಳ್ಳುವ ಹಿಂದಿನ ದಿನ ಪುಟ್ಟರಾಜು ಮನೆಗೆ ಬಂದಿದ್ದ. ಅವನ ಭಾವಮೈದ ಗುಂಡಯ್ಯನಿಗೆ ಚನ್ನರಾಯಪಟ್ಟಣದಲ್ಲಿ ಗ್ಯಾರೇಜಿದೆ. ಅವನನ್ನು ಕರೆಸಿ ಒಂದು ಸಲ ಬಿಚ್ಚಿ ನೋಡಿಸಲೇ ಅಂತ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು ಕೇಳಿದ. "ಏನಂತೀರಿ ಮಿಸ್ಸು, ಒಂದ್ ಮಾತು ಏಳ್ಬುಡಿ." ನನಗೆ ಮೈ ಉರಿಯಿತು. ನನ್ನ ಮಗ ಕೊಡುವ ಗಾಡಿಗೆ ಮೆಕ್ಯಾನಿಕ್ಕು ಬೇರೆ ಬೇಕೇನೋ ನಿನಗೆ, ಅಷ್ಟು ಅನುಮಾನವಿದ್ದರೆ ಬೇರೆ ಕಡೆ ನೋಡಿಕೋ ಹೋಗು ಅಂದುಬಿಟ್ಟೆ. ಅವನು ನಾಚಿಕೆಯಿಂದ ಕುಗ್ಗಿಹೋದ. "ತಪ್ಪಾಯ್ತು ಮಿಸ್ಸು" ಅಂತ ಹೇಳಿ ಮಾರನೇ ದಿನವೇ ತಗೊಂಡ. ಈಗ ಹೇಳುತ್ತೇನೆ ಕೇಳು: ಹಳೇ ಕಾರು ತಗೊಳ್ಳುವವನು ಮೆಕ್ಯಾನಿಕ್ಕನ್ನು ಕರೆತಂದರೆ ಅದು ಅವಮಾನವಲ್ಲ. ಮಾರುವವನು ತಮ್ಮನಾದರೂ ಸರಿ, ಟೀಚರ ಮಗನಾದರೂ ಸರಿ, ಕರೆತರಲೇಬೇಕು. ಮೂವತ್ತೈದು ವರ್ಷ ಪಾಠ ಹೇಳಿದವಳು ಇದನ್ನು ಅರವತ್ತೊಂದಕ್ಕೆ ಕಲಿತೆ.

ಶನಿವಾರ ಗುಂಡಯ್ಯನೇ ಫೋನ್ ಮಾಡಿ, ಒಂದು ಸಲ ಬಂದು ಹೋಗಿ ಅಂದ. ಬಸ್ಸಿನಲ್ಲಿ ಹೋದೆ. ಜಜ್ಜಿಹೋದ ಬಿಳಿ ಕಾರು ಅವನ ಗ್ಯಾರೇಜಿನ ಹಿಂದೆ ನಿಂತಿತ್ತು. ನಾನು ಇಟ್ಟ ಕುಂಕುಮ ಬಾಗಿಲ ಮೇಲೆ ಇನ್ನೂ ಇತ್ತು. ಅವನು ಸ್ಟೇರಿಂಗಿನ ನಡುವಿನ ಮುಚ್ಚಳವನ್ನು ತೆಗೆದಿಟ್ಟುಕೊಂಡಿದ್ದ. "ನೋಡಿ ಮೇಡಮ್ಮಾರೆ, ಬ್ಯಾಗೇ ಇಲ್ಲ ಕಣ್ರವ್ವ. ಪೇಪರ್ ತುಂಬ್ಬುಟ್ಟವ್ರೆ" ಅಂದ. ಅವನು ಹೇಳಿದ್ದು ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಬಗ್ಗಿ ನೋಡಿದೆ. ಏರ್‌ಬ್ಯಾಗ್ ಇರಬೇಕಾದ ಗುಳಿಯಲ್ಲಿ ಮುದುರಿದ ಹಿಂದಿ ಪತ್ರಿಕೆ ತುರುಕಿತ್ತು, ಮುಚ್ಚಳ ಅಲುಗಾಡಬಾರದು ಅಂತ. ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟೆ. ಇದು ಎಂದೋ ಗುದ್ದಿ, ಬ್ಯಾಗು ಹಾರಿಹೋಗಿದ್ದ ಗಾಡಿ. ಹೊಸ ಬ್ಯಾಗು ಹಾಕುವ ಬದಲು ಒಡೆದ ಮುಚ್ಚಳವನ್ನು ಹಿಂದಿನಿಂದ ಅಂಟಿಸಿ ಬಣ್ಣ ಹೊಡೆದಿದ್ದಾರೆ. ಬ್ಯಾಗಿಲ್ಲದಿದ್ದರೆ ಎದುರಿಗಿನ ಕೆಂಪು ದೀಪ ಉರಿಯುತ್ತಲೇ ಇರುತ್ತದಂತೆ, ಅದನ್ನು ಆರಿಸಲು ಕಡಲೆಬೀಜದಷ್ಟು ಒಂದು ವಸ್ತುವನ್ನು ವೈರಿಗೆ ಸಿಕ್ಕಿಸಿದ್ದಾರೆ. ನೋಡಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಹುಡುಗಿ ಮೂರು ತಿಂಗಳು ಎದೆಯ ಮುಂದೆ ರದ್ದಿ ಕಾಗದ ಇಟ್ಟುಕೊಂಡು ಶಾಲೆಗೆ ಹೋಗಿ ಬಂದಿದ್ದಾಳೆ.

ಅಷ್ಟರಲ್ಲಿ ಅವನು ಎಡಗಡೆಯ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಗಣಪತಿಯನ್ನು ತೋರಿಸಿ ಇದನ್ನು ಯಾರು ಅಂಟಿಸಿದ್ದು ಅಂದ. ನಾನೇ ಅಂದೆ. ಎಲ್ಲ ಗಾಡಿಗೂ ಒಂದೊಂದು ಕೊಡುತ್ತೇನಲ್ಲ. "ಬ್ಯಾಗ್ ಇರೋ ಗಾಡಿಗೆ ಇಲ್ಲಿ ಏನೂ ಅಂಟುಸ್ಬಾರ್ದು ಮೇಡಮ್ಮಾರೆ. ಬ್ಯಾಗ್ ಒಡ್ಕಂಡ್ರೆ ಸ್ವಾಮಿ ಬಂದು ಮುಕುಕ್ಕೇ ಬಡೀತನೆ" ಅಂದ. ಒಳ್ಳೆಯದಾಗಲಿ ಅಂತ ಮಾಡಿದ್ದೂ ಹೀಗಾಯಿತಲ್ಲ. ನೀನು ಎಂದಾದರೂ ಹೇಳಬಾರದಿತ್ತೇನೋ? ಇರಲಿ, ನಿನಗೂ ಗೊತ್ತಿರಲಿಲ್ಲವೇನೋ.

ಭಾನುವಾರ ಮತ್ತು ನಿನ್ನೆ ಗುಂಡಯ್ಯನ ಜೊತೆ ಇನ್ನೆರಡು ಮನೆಗೆ ಹೋಗಿದ್ದೆ. ಕೊರವಂಗಲದ ಚೆನ್ನಯ್ಯನ ಕಾರು, ಚನ್ನರಾಯಪಟ್ಟಣದ ಕಾಯಿ ವ್ಯಾಪಾರಿ ಮನೋಹರನ ಕಾರು. ಗುಂಡಯ್ಯ ಮೊದಲು ಬ್ಯಾಟರಿಯ ವೈರು ಕಳಚಿ ಹತ್ತು ನಿಮಿಷ ಸುಮ್ಮನೆ ನಿಂತಿರುತ್ತಾನೆ. ಒಳಗೆ ನಿಜವಾದ ಬ್ಯಾಗಿದ್ದರೆ ಆತುರಪಟ್ಟವನ ಮುಖಕ್ಕೇ ಸಿಡಿಯಬಹುದಂತೆ. ಆ ಹತ್ತು ನಿಮಿಷ ನಾನು ಏನೇನು ಹರಕೆ ಹೊತ್ತೆನೋ. ಎರಡರಲ್ಲೂ ಅದೇ ಹಿಂದಿ ಪತ್ರಿಕೆ. ಚೆನ್ನಯ್ಯ ಮೊಮ್ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವವನು. ಬ್ಯಾಗಿದ್ದರೂ ಇಲ್ಲದಿದ್ದರೂ ಮಗು ಹಿಂದೆಯೇ ಕೂರಬೇಕು ಅಂತ ಗುಂಡಯ್ಯ ಬೈದ. ನೀನು ಎರಡು ವರ್ಷದಿಂದ ಆ ಒಬ್ಬ ದೆಹಲಿ ವ್ಯಾಪಾರಿಯ ಹತ್ತಿರವೇ ತರುತ್ತಿದ್ದೀಯಲ್ಲ, ಅವನ ಗಾಡಿಗಳಲ್ಲಿ ನಾನು ಆರತಿ ಎತ್ತಿದ್ದು ಒಂಬತ್ತು. ಉಳಿದ ಆರು ಮನೆಗೂ ಫೋನ್ ಮಾಡಿ, ಗಾಡಿ ತೆಗೆಯಬೇಡಿ, ತೆಗೆಯಲೇಬೇಕಾದರೆ ಹಿಂದೆ ಕೂರುವವರೂ ಬೆಲ್ಟ್ ಹಾಕಿ, ನಿಧಾನಕ್ಕೆ ಓಡಿಸಿ ಅಂತ ಹೇಳಿದ್ದೇನೆ. ಎಲ್ಲರಿಗೂ ಒಂದೇ ಮಾತು ಹೇಳಿದೆ: ನನ್ನ ಮಗನೂ ಮೋಸ ಹೋಗಿದ್ದಾನೆ, ಅವನಿಗೆ ಗೊತ್ತಿದ್ದರೆ ಇಂಥದ್ದನ್ನು ಮಾರುತ್ತಿರಲಿಲ್ಲ. ಎಲ್ಲರೂ ನಂಬಿದರು. ಮನೋಹರನಂತೂ, "ನೀವ್ ಏಳುದ್ ಮೇಲೆ ಮುಗೀತು ಬುಡಿ ಮಿಸ್ಸಮ್ಮ" ಅಂತ ನನಗೇ ಕಾಫಿ ಕೊಟ್ಟು ಸಮಾಧಾನ ಮಾಡಿದ.

ಆ ಪತ್ರಿಕೆ ಹಿಂದಿಯದು, ಕನ್ನಡದ್ದಲ್ಲ. ಇದೊಂದೇ ನನ್ನನ್ನು ಮೂರು ದಿನದಿಂದ ಹಿಡಿದು ನಿಲ್ಲಿಸಿರುವುದು. ಆ ಕೆಲಸ ಅಲ್ಲೇ ಆಗಿದೆ, ನಿನ್ನ ಕೈಯಲ್ಲಿ ಆಗಿಲ್ಲ. ತಂದವನಿಗೆ ತಿಳಿಯದೇ ಇರಬಹುದು ಅಂತ ಗುಂಡಯ್ಯನೂ ಹೇಳಿದ. ಇವತ್ತು ನಾಲ್ಕು ಗಂಟೆಗೆ ಅವನು ನಮ್ಮ ಮನೆಗೆ ಬರುತ್ತಾನೆ. ಹೋದ ವರ್ಷ ನಾನು ರಿಟೈರಾದಾಗ ನೀನು ಕೊಟ್ಟೆಯಲ್ಲ, ಆ ನೀಲಿ ಕಾರು, ಅದೂ ಅದೇ ವ್ಯಾಪಾರಿಯದು. ಅದನ್ನೂ ಬಿಚ್ಚಿ ನೋಡು ಅಂದಿದ್ದೇನೆ. ಕೇಳಿದರೆ ನಗುತ್ತೀಯ, ಅದರೊಳಗೂ ರದ್ದಿ ಕಾಗದವೇ ಇರಲಿ ಅಂತ ಬೆಳಿಗ್ಗೆಯಿಂದ ದೇವರನ್ನು ಬೇಡಿಕೊಳ್ಳುತ್ತಿದ್ದೇನೆ. ಅಪ್ಪನೂ ನಾನೂ ಅದರಲ್ಲೇ ತಿಪಟೂರು, ಮೈಸೂರು ಎಲ್ಲ ತಿರುಗಿದ್ದೇವೆ, ಆದರೂ ಅದು ಟೊಳ್ಳಾಗಿರಲಿ. ನನ್ನ ಮಗ ಗೊತ್ತಿದ್ದೂ ಹೆತ್ತಮ್ಮನನ್ನು ಟೊಳ್ಳು ಗಾಡಿಯಲ್ಲಿ ಕೂರಿಸುವವನಲ್ಲ. ಅಲ್ಲಿಗೆ ನಿನಗೆ ಗೊತ್ತಿರಲಿಲ್ಲ ಅಂತ ಆಯಿತು, ನಾನು ತಲೆ ಎತ್ತಿಕೊಂಡು ಒಂಬತ್ತು ಮನೆಗೂ ಹೋಗಬಹುದು.

ನೀನು ಆ ವ್ಯಾಪಾರಿಯ ಹತ್ತಿರ ಒಬ್ಬನೇ ಜಗಳಕ್ಕೆ ಹೋಗಬೇಡ, ಅಲ್ಲಿಯ ಪೊಲೀಸಿಗೆ ದೂರು ಕೊಡು. ಈ ಸಲ ಕಾರು ಓಡಿಸಿಕೊಂಡು ಬರುವುದು ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊದ್ದು ಮಲಗು. ಅಪ್ಪ ನಿನ್ನನ್ನು ಕೇಳಿದರು ಅಂತ ತಿಳಿ. ನಿನ್ನ ಮೈಗೆ ಒಂದು ಗೀರೂ ಆಗದ ಹಾಗೆ ದೇವರು ನಿನ್ನನ್ನು ಮನೆ ಸೇರಿಸಲಿ.

ಇಂತಿ ನಿನ್ನನ್ನು ನಂಬಿರುವ
ಅಮ್ಮ
(ಶಾಂತಕುಮಾರಿ)

ತಾ. ಕ.: ಐದೂವರೆ ಆಯಿತು. ಗುಂಡಯ್ಯ ಈಗ ಹೋದ. ನೀಲಿ ಕಾರಿನಲ್ಲಿ ಬ್ಯಾಗಿದೆ. ಹೊಚ್ಚ ಹೊಸದು. ಕಾರು 2015ರದು, ಬ್ಯಾಗಿನ ಚೀಟಿಯ ಮೇಲೆ 2023 ಮಾರ್ಚ್ ಅಂತಿದೆ. ಅದರ ಹಿಂದೆ ಗುಳಿಯ ಮೂಲೆಯಲ್ಲಿ ಹಿಂದಿ ಪತ್ರಿಕೆಯ ಒಂದು ಚೂರು ಅಂಟಿಕೊಂಡಿತ್ತು. "ಮೊದ್ಲು ಇದೂ ಅಂಗೇ ಇತ್ತು ಮೇಡಮ್ಮಾರೆ. ಯಾರೋ ಪೇಪರ್ ಕಿತ್ತು ಹೊಸಾದ್ ಹಾಕ್ಸವ್ರೆ" ಅಂತ ಹೇಳಿ ಅವನು ನನ್ನ ಮುಖ ನೋಡದೆ ಸ್ಪ್ಯಾನರ್ ಎತ್ತಿಕೊಂಡು ಹೊರಟ. ಹೋದ ವರ್ಷವೇ ನಿನಗೆ ಗೊತ್ತಿತ್ತು. ಗೊತ್ತಿದ್ದೇ ನನ್ನದನ್ನು ಸರಿ ಮಾಡಿಸಿದೆ, ಗೊತ್ತಿದ್ದೇ ಅವರದನ್ನು ನನ್ನ ಕೈಗೆ ಆರತಿಗೆ ಕಳಿಸಿದೆ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಹತ್ತು ಗಂಟೆಗೆ ಒಂಬತ್ತು ಮನೆಯವರನ್ನೂ ನಮ್ಮ ಮನೆಗೆ ಬರಲು ಹೇಳುತ್ತಿದ್ದೇನೆ. ನೀನು ಮೋಸ ಹೋದೆ ಅಂತ ನಾನು ಹೇಳಿದ್ದು ಸುಳ್ಳು ಅನ್ನುವುದನ್ನು ನೀನೇ ಹೇಳಬೇಕು, ಇಲ್ಲದಿದ್ದರೆ ನಾನು ಹೇಳುತ್ತೇನೆ. ಅದಕ್ಕೂ ಮೊದಲು ರೈಲಿಳಿದವನೇ ಹಾಸನದ ಆಸ್ಪತ್ರೆಗೆ ಹೋಗಿ ಮೇಘಶ್ರೀಯ ಮುಂದೆ ನಿಂತು ಹೇಳು. ಹೆದರಬೇಡ. ನಿನ್ನನ್ನು ಬೈಯಲು ಅವಳಿಗೆ ಬಾಯಿ ತೆರೆಯುವುದಕ್ಕೇ ಆಗುವುದಿಲ್ಲ.