ನಿದ್ದೆಯ ಎಲೆ

ಪ್ರೀತಿಯ ಅಕ್ಕಾ,

ನಿನ್ನ ಲೆಮನ್ ಬಾಮ್ ಗಿಡವನ್ನು ಹೆಚ್ಚುಕಡಿಮೆ ಬೋಳಿಸಿಬಿಟ್ಟಿದ್ದೇನೆ. ಬೈಯುವುದಿದ್ದರೆ ಈಗಲೇ ಬೈ. ನಾಳೆ ಆಸ್ಪತ್ರೆಯಲ್ಲಿ ಈ ಪತ್ರವನ್ನು ನಿನ್ನ ಕಿವಿಯ ಹತ್ತಿರವೇ ಓದುತ್ತೇನೆ, ಕೇಳಿಸದವಳ ಹಾಗೆ ನಟಿಸಬೇಡ.

ಬೇಕರಿಯ ಮೆಟ್ಟಿಲಿಂದ ಬಿದ್ದ ದಿನದಿಂದ ನೀನು ಕಣ್ಣು ಬಿಟ್ಟಿಲ್ಲ. "ಅವ್ರಿಗೆ ಪರಿಚಯ ಇರೋ ದನಿ, ವಾಸನೆ, ಏನಾದ್ರೂ ತನ್ನಿ" ಅಂದರು ಡಾಕ್ಟರು. ನನಗೆ ಹೊಳೆದದ್ದು ಅಡುಗೆಮನೆ ಕಿಟಕಿಯ ಈ ಕುಂಡ. ರಾತ್ರಿಯಿಡೀ ಹಿಟ್ಟು ನಾದಿ, ಹುಬ್ಬಿಗೂ ಹಿಟ್ಟು ಮೆತ್ತಿಕೊಂಡು ನೀನು ಬೆಳಿಗ್ಗೆ ಬರುತ್ತಿದ್ದೆ. ಚೀಲ ಇಡುವ ಮುಂಚೆಯೇ ಒಂದು ಎಲೆ ಉಜ್ಜಿ ಮೂಸುತ್ತಿದ್ದೆ. ಆಮೇಲೆ ಲೋಟಕ್ಕೆ ಎಲೆ, ಬಿಸಿನೀರು. "ತಟ್ಟೆ ಮುಚ್ಚೇ, ಘಮ ಎಲ್ಲ ಓಡಿಹೋಗುತ್ತೆ!" ಎಂದು ನನ್ನ ಮೇಲೆ ಹಾರಾಡುತ್ತಿದ್ದೆ. ನೋಡಲು ಪುದೀನ, ಮೂಸಿದರೆ ನಿಂಬೆ. ನೆಲಕ್ಕೆ ಹಾಕಿದರೆ ಬಂಧುಬಳಗ ಸಮೇತ ವಕ್ಕರಿಸುತ್ತದೆಂದು ಕುಂಡದಲ್ಲೇ ಕೂಡಿಹಾಕಿದ್ದವಳು ನೀನು.

ಆಸ್ಪತ್ರೆಯವರು ಕುಂಡವನ್ನು ಒಳಗೆ ಬಿಡಲಿಲ್ಲ, ಮಣ್ಣಂತೆ. ಎಲೆಯನ್ನು ಅಂಗೈಗೆ ಉಜ್ಜಿಕೊಂಡು ಹೋದೆ. ಬಾಗಿಲಲ್ಲೇ ನರ್ಸ್ ಏನೋ ಸುರಿದು ಕೈ ತೊಳೆಸಿದರು. ನಿಂಬೆ ಹೋಯಿತು, ಸ್ಪಿರಿಟ್ ಉಳಿಯಿತು. ಮರುದಿನದಿಂದ ಬಾಯಿತುಂಬ ಎಲೆ ಅಗಿದುಕೊಂಡು ಬಂದು, ನಿನ್ನ ಮುಖದ ಮೇಲೆ ಬಗ್ಗಿ ಉಸಿರು ಬಿಡುತ್ತಿದ್ದೇನೆ. ನರ್ಸ್ ನನ್ನನ್ನು ಒಂಥರಾ ನೋಡುತ್ತಾರೆ. ನೋಡಲಿ.

ಇವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ವಿಷಯ ತಲೆಗೆ ಹೊಕ್ಕಿತು. ನೀನು ಆ ಎಲೆಯ ನೀರನ್ನು ಕುಡಿಯುತ್ತಿದ್ದುದೇ ಹಗಲು ನಿದ್ದೆ ಬರಲೆಂದು! ಮಲಗಿಸುವ ಎಲೆ ಹಿಡಿದುಕೊಂಡು ನಿನ್ನನ್ನು ಎಬ್ಬಿಸಲು ಹೊರಟಿದ್ದೇನೆ. ಇಷ್ಟು ದಿನವೂ ಜೋಗುಳ ಹಾಡುತ್ತಿದ್ದೆನೇನೇ? ನಗು ಬಂತು, ನಗುತ್ತಲೇ ಅಳು ಕಿತ್ತುಕೊಂಡು ಬಂತು. ಪಕ್ಕದ ಸೀಟಿನವರು ಎದ್ದು ಹೋದರು.

ಬೇರೇನು ಮಾಡಬೇಕೋ ನನಗೆ ಗೊತ್ತಿಲ್ಲ ಅಕ್ಕಾ. ಅಮ್ಮ ಹೋದ ಮೇಲೆ ನನಗಿರುವುದು ನೀನೊಬ್ಬಳೇ. ಕುಂಡದಲ್ಲಿ ನಾಳೆಗೆ ಆಗುವಷ್ಟು ಎಲೆ ಇದೆ, ಆಮೇಲೆ ಬರೀ ಕಡ್ಡಿ. "ಬುಡದ ತನಕ ಕತ್ತರಿಸಿದ್ರೂ ಚಿಗುರುತ್ತೆ ಕಣೇ, ಟೈಮ್ ಕೊಡ್ಬೇಕು ಅಷ್ಟೆ" ಅನ್ನುತ್ತಿದ್ದೆ. ಗಿಡಕ್ಕೆ ಬೇಕಾದಷ್ಟು ಟೈಮ್ ಕೊಡುತ್ತೇನೆ. ನಿನಗೆ ಕೊಡುವ ಶಕ್ತಿ ನನ್ನಲ್ಲಿಲ್ಲ.

ನಾಳೆ ನನ್ನ ಬಾಯಿಂದ ಆ ಘಮ ಬಂದಾಗ ಮಲಗಬೇಡ. "ನನ್ನ ಗಿಡ ಯಾಕೇ ಬೋಳಿಸಿದೆ?" ಅಂತ ಕೇಳುವುದಕ್ಕಾದರೂ ಕಣ್ಣು ಬಿಡು. ಚಿಕ್ಕವರು ದೊಡ್ಡವರನ್ನು ಹರಸುವಂತಿಲ್ಲ. ಆದರೂ ಹರಸುತ್ತೇನೆ: ಎದ್ದು ಮನೆಗೆ ಬಾ.

ಬೈಸಿಕೊಳ್ಳಲು ಕಾದಿರುವ,
ನಿನ್ನ ಬಾಲಂಗೋಚಿ